ತಗ್ಗಿಸಿದ್ದಾಯಿತು

ಬಳ್ಳಾರಿ
12 ಜುಲೈ 1950

ಗೆಳೆಯ ಉಜ್ಜಿನಪ್ಪ,

ಎರಡು ವರ್ಷ ಒಂದು ಕಾರ್ಡು ಹಾಕದವನು ಕೆಲಸ ಬಿದ್ದಾಗ ನೆನೆಸಿಕೊಂಡ ಎಂದು ಬೈದುಕೊಳ್ಳುತ್ತೀ. ಬೈದುಕೋ. ಕುರುಗೋಡಿನ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿದವರು ನಾವು. ಆ ಸಲುಗೆಯಿಂದ ಕೇಳುತ್ತಿದ್ದೇನೆ.

ಇಲ್ಲಿಯ ಕೋರ್ಟಿನಲ್ಲಿ ನನ್ನದು ಅದೇ ತರ್ಜುಮೆಯ ಕೆಲಸ. ಕನ್ನಡ, ತೆಲುಗು ಕಾಗದಗಳನ್ನು ಇಂಗ್ಲಿಷಿಗೆ ಮಾಡಿ ಕೊಡಬೇಕು. ಈಗ ಬಂದಿರುವ ಜಡ್ಜರು ತಮಿಳು ಸೀಮೆಯವರು. ನಾನು ಏನು ಬರೆದರೆ ಅದೇ ಅವರಿಗೆ ಕನ್ನಡ. ಹೋದ ವಾರ ನಿಮ್ಮ ಕರೇಮಟ್ಟಿಯ ಒಂದು ಅಪೀಲು ನನ್ನ ಮೇಜಿಗೆ ಬಂತು. ನಿಮ್ಮ ಊರ ಗೌಡ ಹಾಲಸಿದ್ದಪ್ಪನವರು, ಅವರ ಮನೆಗೆಲಸದ ಹುಲುಗಮ್ಮ. ಮಾರ್ಚಿಯಲ್ಲಿ ಚಾವಡಿಯ ಮುಂದೆ ಆಕೆಯ ಮಾನ ಕಳೆದರೆಂದು ಆಕೆಯ ತಮ್ಮ ಗಾದೆಪ್ಪ ಫಿರ್ಯಾದು ಹಾಕಿಸಿದ. ಸಿರುಗುಪ್ಪದ ಮ್ಯಾಜಿಸ್ಟ್ರೇಟರು ಗೌಡರಿಗೆ ಶಿಕ್ಷೆ ಕೊಟ್ಟರು. ಗೌಡರು ಮೇಲೆ ಬಂದಿದ್ದಾರೆ.

ಕಡತದಲ್ಲಿ ಆಕೆ ಹೆಬ್ಬೆಟ್ಟು ಒತ್ತಿದ ಒಂದು ತಪ್ಪೊಪ್ಪಿಗೆ ಇದೆ: "ಸ್ವಸಂತೋಷದಿಂದಲೂ ವಿನಯಪೂರ್ವಕವಾಗಿಯೂ ತಲೆ ತಗ್ಗಿಸಿ ಕ್ಷಮೆ ಬೇಡುತ್ತೇನೆ." ಬರೆದವನು ಯಾರೋ ಬಲ್ಲವನೇ. ಗೌಡರ ವಕೀಲರು ಇದನ್ನೇ ಹಿಡಿದಿದ್ದಾರೆ: ಇದು ವಿನಯ, ಅವಮಾನವಲ್ಲ. ಇಂಗ್ಲಿಷಿನಲ್ಲಿ ನನಗೆ ಇನ್ನೊಂದು ತೊಡಕು. ಅಲ್ಲಿ ವಿನಯಕ್ಕೆ ಹ್ಯುಮಿಲಿಟಿ, ಅವಮಾನಕ್ಕೆ ಹ್ಯುಮಿಲಿಯೇಷನ್. ನಿಘಂಟು ತೆಗೆದರೆ ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಲ್ಯಾಟಿನ್ನಿನಲ್ಲಿ ಆ ಬೇರಿಗೆ ಮಣ್ಣು ಎಂದರ್ಥವಂತೆ. ನಮ್ಮ ಮಾತುಗಳ ಬೇರು ಏನು? ಸಂಸ್ಕೃತ ಓದಿಕೊಂಡವನು ನೀನು, ಆ ಊರಲ್ಲೇ ಇರುವವನೂ ನೀನು. ತಿಳಿದದ್ದನ್ನೆಲ್ಲ ಬರೆ.

ಮನೆಯಾಕೆ ಸುವರ್ಣ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ
ಚಿದಾನಂದಪ್ಪ


ಕರೇಮಟ್ಟಿ, ಸಿರುಗುಪ್ಪ ತಾಲ್ಲೂಕು
19 ಜುಲೈ 1950

ಪ್ರಿಯ ಚಿದಾನಂದ,

ನಿನ್ನ ಕಾಗದ ನೋಡಿ ಸಂತೋಷವಾಯಿತು. ಮಾತುಗಳ ವಿಷಯ ಕೇಳಿದ್ದೀ, ಹೇಳುತ್ತೇನೆ.

ವಿನಯ ಎಂಬುದರ ಒಳಗಿರುವ ಧಾತು 'ನೀ'. ಒಯ್ಯು, ನಡೆಸು ಎಂದು ಅದರ ಅರ್ಥ. ಕುದುರೆಯನ್ನು ಪಳಗಿಸಿ ದಾರಿಗೆ ತರುವುದಕ್ಕೂ ಹಿಂದಿನವರು ಇದೇ ಮಾತು ಬಳಸಿದ್ದಾರೆ. ಪಳಗಿದ ಕುದುರೆ ವಿನೀತ. ನಮ್ರ ಎಂಬುದು 'ನಮ್', ಬಾಗು ಎಂಬುದರಿಂದ. ಅವಮಾನದಲ್ಲಿ 'ಅವ' ಎಂದರೆ ಕೆಳಗೆ. ಒಬ್ಬರನ್ನು ಕೆಳಗಿಟ್ಟು ಎಣಿಸುವುದು. ಮರ್ಯಾದೆ ಎಂದರೆ ಮೊದಲು ಗಡಿ, ಎಲ್ಲೆ. ದಾಟಬಾರದ ಗೆರೆ. ತಗ್ಗು ಮಾತ್ರ ನಮ್ಮದೇ ಮಾತು, ತೆಲುಗಿನಲ್ಲೂ ಇದೆ. ಹೊಲದ ತಗ್ಗೂ ಅದೇ, ತಲೆ ತಗ್ಗುವುದೂ ಅದೇ.

ಹೀಗಾಗಿ ವಿನಯವೆಂದು ಬರೆದಿದ್ದರೆ ಅದನ್ನು ವಿನಯವೆಂದೇ ತರ್ಜುಮೆ ಮಾಡುವುದು ಶಾಸ್ತ್ರಕ್ಕೆ ಸರಿ.

ಆ ಪ್ರಸಂಗದ ಬಗ್ಗೆ ನನಗೆ ಹೆಚ್ಚು ತಿಳಿಯದು. ಆ ದಿನ ನಾನು ಸಿರುಗುಪ್ಪಕ್ಕೆ ಹೋಗಿದ್ದೆ. ಗೌಡರು ತಮ್ಮ ಮನೆಯ ಪಡಸಾಲೆಯನ್ನೇ ಸಾಲೆಗೆ ಬಿಟ್ಟುಕೊಟ್ಟಿದ್ದಾರೆ, ನನಗೂ ಒಂದು ಕೋಣೆ ಕೊಟ್ಟಿದ್ದಾರೆ. ಅವರು ಕೆಟ್ಟವರೇನಲ್ಲ. ಈ ಸಲ ಮಕ್ಕಳ ಸಂಖ್ಯೆ ನಲವತ್ತೊಂದು ಆಗಿದೆ. ಸುವರ್ಣಮ್ಮನವರಿಗೆ ನನ್ನ ಶರಣಾರ್ಥಿ.

ನಿನ್ನ
ಉಜ್ಜಿನಪ್ಪ


ಬಳ್ಳಾರಿ
24 ಜುಲೈ 1950

ಗೆಳೆಯ,

ಧಾತುಗಳ ಪಾಠ ಮುಟ್ಟಿತು. ಆದರೆ ನನ್ನ ತೊಡಕು ಬಿಡಲಿಲ್ಲ. ಹುಲುಗಮ್ಮ ಸಿರುಗುಪ್ಪದ ಕೋರ್ಟಿನಲ್ಲಿ ಕೊಟ್ಟ ಹೇಳಿಕೆಯನ್ನು ಅಲ್ಲಿಯ ಗುಮಾಸ್ತ ಆಕೆ ಆಡಿದ ಹಾಗೆಯೇ ಬರೆದುಕೊಂಡಿದ್ದಾನೆ. ನಕಲು ಮಾಡಿ ಕಳಿಸುತ್ತಿದ್ದೇನೆ, ನೋಡು:

"ಅವತ್ತು ಸಿರಿಗೇರಿಯಿಂದ ಹೆಣ್ಣು ಕೊಡೋರು ಬಂದಿದ್ರಿ. ನಾ ಸೆಗಣಿ ಬುಟ್ಟಿ ಹೊತಗೊಂಡು ಹೊರಗ ಬಂದೆ. ಕಟ್ಟಿ ಮ್ಯಾಲೆ ಗೌಡ್ರ ಮಗ ಕೊಟ್ರಪ್ಪ ಕುಂತಿದ್ದ. ಅವನವ್ವಗ ಜಡ್ಡಾದಾಗ ಎರಡು ವರ್ಸ ನಾನೇ ಎದಿ ಹಾಲು ಕುಡಿಸೀನ್ರಿ ಅವಗ. ಓದಾಕ ಹೋದಾಂವ, ಬಾಳ ದಿನದ ಮ್ಯಾಲೆ ನೋಡಿದೆ. ಬಾಯಿಗೆ ಬಂದುಬಿಡ್ತು. 'ಎಲೇ ಕೊಟ್ರಾ, ಯಾವಾಗ ಬಂದೀಯೋ? ಸೊರಗೀಯಲ್ಲೋ ನನ ಮಗನ' ಅಂದೆ. ಬೀಗರ ಮನಿ ಹೆಣ್ಮಕ್ಕಳು ನಕ್ರು. ಮಧ್ಯಾಹ್ನ ಗೌಡ್ರ ಆಳು ಜೋಗಪ್ಪ ಬಂದು ಚಾವಡಿಗೆ ಬಾ ಅಂದ. ಹೋಗಿದ್ದಾತು. ಗೌಡ್ರ ಕೆರ ತಲಿ ಮ್ಯಾಲೆ ಇಟ್ಟಿದ್ದಾತು. ತಲಿ ತಗ್ಗಿಸಿದ್ದಾತು. ತಗ್ಗಿಸಿದ್ರ ಕೆರ ಬೀಳ್ತಿದ್ವು, ಬಿದ್ರ ಮತ್ತ ಎತ್ತಿ ಇಟ್ಟಿದ್ದಾತು. ಹೊತ್ತು ಮುಣುಗೋತನಕ ಹಿಂಗಾ. ಆಮ್ಯಾಲೆ ಕಾಗದಕ್ಕ ಹೆಬ್ಬಟ್ಟು ಒತ್ತಿದ್ದಾತು."

ನೋಡಿದೆಯಾ? ಎಲ್ಲ 'ಆತು'. ತಲೆಯ ಮೇಲೆ ಚಪ್ಪಲಿ ಇಟ್ಟವರು ಯಾರು, ತಗ್ಗಿಸಿದವರು ಯಾರು, ಒಂದು ಹೆಸರಿಲ್ಲ. ಗೌಡರು ಎದುರಿಗೇ ಕೂತಿದ್ದರಂತೆ. ಹೆದರಿ ಹಾಗೆ ಹೇಳಿದಳೋ ಏನೋ. ಸಿರುಗುಪ್ಪದ ಮ್ಯಾಜಿಸ್ಟ್ರೇಟರು ಈ ಕಡೆಯವರು, ಅವರಿಗೆ ಅರ್ಥವಾಯಿತು. ಇಂಗ್ಲಿಷಿಗೆ ಕರ್ತೃಪದ ಬೇಕು. 'ಅವರು ತಗ್ಗಿಸಿದರು' ಎಂದು ಬರೆದರೆ ಗೌಡರಿಗೆ ಶಿಕ್ಷೆ. 'ಆಕೆ ತಗ್ಗಿಸಿದಳು' ಎಂದು ಬರೆದರೆ ಬಿಡುಗಡೆ. 'ತಗ್ಗಿಸಲಾಯಿತು' ಎಂದರೂ ಯಾರಿಂದ ಎಂದು ಜಡ್ಜರು ಕೇಳುತ್ತಾರೆ, ನಡುವೆ ನಿಲ್ಲಲು ಜಾಗವಿಲ್ಲ.

ನಿಮ್ಮ ಊರಲ್ಲಿ ಈ ಮಾತನ್ನು ಹೇಗೆ ಆಡುತ್ತಾರೆ? ನೀನು ಅಲ್ಲಿರಲಿಲ್ಲ ಎಂದೆ. ಇದ್ದವರನ್ನು ಕೇಳಿಯಾದರೂ ಬರೆ. ತಡಮಾಡಬೇಡ.

ಚಿದಾನಂದಪ್ಪ


ಕರೇಮಟ್ಟಿ
9 ಆಗಸ್ಟ್ 1950

ಪ್ರಿಯ ಚಿದಾನಂದಪ್ಪ,

ಸಾಲೆಯ ಇನ್ಸ್‌ಪೆಕ್ಷನ್ ಇದ್ದುದರಿಂದ ಉತ್ತರ ತಡವಾಯಿತು.

'ತಗ್ಗಿಸಿದ್ದಾಯಿತು' ಎಂಬ ರೂಪಕ್ಕೆ ಎರಡೂ ಅರ್ಥ ಹೊಂದುತ್ತದೆ. ಆದರೆ ರೂಢಿಯನ್ನು ನೋಡು. 'ಊಟ ಮಾಡಿದ್ದಾಯಿತು' ಎಂದು ಒಬ್ಬರು ಹೇಳಿದರೆ ಬೇರೆ ಯಾರೋ ಉಂಡರೆಂದು ನಾವು ತಿಳಿಯುವುದಿಲ್ಲ, ಹೇಳಿದವರೇ ಉಂಡರು. 'ಸ್ನಾನ ಮಾಡಿದ್ದಾಯಿತು' ಎಂಬುದೂ ಹಾಗೆಯೇ. ವ್ಯಾಕರಣದ ದೃಷ್ಟಿಯಿಂದ ಹೇಳಬೇಕೆಂದರೆ ಆಕೆಯೇ ತಗ್ಗಿಸಿದಳು ಎಂದರೆ ತಪ್ಪಾಗುವುದಿಲ್ಲ.

ಊರಲ್ಲಿ ಯಾರನ್ನೂ ಕೇಳಲಿಲ್ಲ. ಕೇಳುವ ಕಾಲವಲ್ಲ ಇದು. ಈ ವಿಷಯವನ್ನು ಕಾಗದದಲ್ಲಿ ಬರೆಯಬೇಡ. ಇಲ್ಲಿ ಟಪಾಲು ಮೊದಲು ಗೌಡರ ಮನೆಗೆ ಬಂದು ಆಮೇಲೆ ನನಗೆ ಬರುತ್ತದೆ.

ಉಜ್ಜಿನಪ್ಪ


ಬಳ್ಳಾರಿ
3 ಅಕ್ಟೋಬರ್ 1950

ಉಜ್ಜಿನಪ್ಪ,

ನೀನು ಬೇಡವೆಂದರೂ ಇದೊಂದನ್ನು ಬರೆಯಬೇಕು. ಗೌಡರ ಮನೆಯಲ್ಲಿ ಒಡೆದು ಓದಿದರೆ ಓದಲಿ, ಅವರಿಗೆ ಸಿಹಿಸುದ್ದಿಯೇ.

ಅಪೀಲು ಗೌಡರ ಕಡೆ ಆಯಿತು. ಶಿಕ್ಷೆ ವಜಾ. ಆ ಹೆಂಗಸು ತನ್ನ ತಪ್ಪನ್ನು ತಾನೇ ಅರಿತು, ಸ್ವಸಂತೋಷದಿಂದ ವಿನಯದಿಂದ ತಲೆ ಬಾಗಿದ್ದಾಳೆ, ಇದರಲ್ಲಿ ಅಪರಾಧವೆಲ್ಲಿದೆ ಎಂದು ಜಡ್ಜರು ಬರೆದರು. ಆ ಮಾತು ಅವರದಲ್ಲ, ನನ್ನ ತರ್ಜುಮೆಯದು. 'ಊಟ ಮಾಡಿದ್ದಾಯಿತು' ಎಂಬ ನಿನ್ನ ಉದಾಹರಣೆಯನ್ನು ಅಡಿಟಿಪ್ಪಣಿಯಲ್ಲಿ ಹಾಕಿದ್ದೆ. ಜಡ್ಜರು ಅದನ್ನು ಮೆಚ್ಚಿಕೊಂಡರು.

ಹೊರಗೆ ಬಂದಾಗ ಹುಲುಗಮ್ಮ ಜಗಲಿಯ ಕಂಬದ ಹತ್ತಿರ ನಿಂತಿದ್ದಳು. ಗಾದೆಪ್ಪ ಆಕೆಗೆ ನನ್ನನ್ನು ತೋರಿಸಿದ. ಆಕೆ ಹತ್ತಿರ ಬಂದು, "ಸಾಮಿ, ನನ ಮಾತು ಇಂಗ್ಲೀಸಿನಾಗ ಬರದೋರು ನೀವೇನ್ರಿ? ಏನಂತ ಬರದ್ರಿ?" ಎಂದು ಕೇಳಿದಳು.

"ನೀನು ಹೇಳಿದ ಹಾಗೆಯೇ ಬರೆದಿದ್ದೇನಮ್ಮ" ಎಂದೆ.

"ಹಂಗಾರ ಯಾಕ ಬಿಟ್ರು?" ಎಂದಳು.

ಕೆಲಸವಿದೆಯೆಂದು ಒಳಗೆ ಹೋದೆ. ಆಕೆ ಊರಿಗೆ ಮರಳಿದಳೇ? ಹೇಗಿದ್ದಾಳೆ? ಒಂದು ಗೆರೆ ಬರೆ.

ಚಿದಾನಂದಪ್ಪ


ಸಿರುಗುಪ್ಪ
14 ಜನವರಿ 1951

ಚಿದಾನಂದ,

ಇದನ್ನು ಸಿರುಗುಪ್ಪಕ್ಕೆ ನಡೆದು ಬಂದು, ಟಪಾಲು ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೂರು ತಿಂಗಳು ನಿನ್ನ ಕಾಗದ ನನ್ನ ಕೋಟಿನ ಜೇಬಿನಲ್ಲೇ ಇತ್ತು.

ನಾನು ಆ ದಿನ ಸಿರುಗುಪ್ಪಕ್ಕೆ ಹೋಗಿರಲಿಲ್ಲ. ಚಾವಡಿಯಲ್ಲೇ ಇದ್ದೆ. ಗೌಡರ ಎಡಕ್ಕೆ ನನಗೊಂದು ಸ್ಟೂಲು ಹಾಕಿದ್ದರು. ಕೆರವನ್ನು ಆಕೆಯ ತಲೆಯ ಮೇಲೆ ಇಟ್ಟವನು ಜೋಗಪ್ಪ. ಆಕೆ ಮೊದಲು ತಲೆ ತಗ್ಗಿಸಲಿಲ್ಲ. ನೆಟ್ಟಗೆ ನಿಂತು ಕೊಟ್ರಪ್ಪನನ್ನೇ ನೋಡುತ್ತಿದ್ದಳು, ಅವನಾದರೂ ಒಂದು ಮಾತು ಹೇಳುತ್ತಾನೆಂದು. ಅವನು ಒಳಗೆ ಎದ್ದು ಹೋದ. ಆಗ ಜೋಗಪ್ಪ ಆಕೆಯ ಕತ್ತಿನ ಹಿಂದೆ ಕೈಯಿಟ್ಟು ಒತ್ತಿದ. ಕೈ ತೆಗೆದಾಗ ಆಕೆಯ ತಲೆ ಮೇಲೇಳುತ್ತಿತ್ತು, ಮತ್ತೆ ಒತ್ತುತ್ತಿದ್ದ. ನಾಲ್ಕೋ ಐದೋ ಸಲ. ಆಮೇಲೆ ಒತ್ತುವ ಅಗತ್ಯ ಬೀಳಲಿಲ್ಲ.

ಗೌಡರು ನನ್ನ ಕಡೆ ತಿರುಗಿ, "ಮಾಸ್ತರ, ಕಾನೂನಿಗೆ ಸಿಗಲಾರದಂಗ ಒಂದು ಕಾಗದ ಬರೀರಿ" ಎಂದರು. ನಾನು ಬರೆದೆ. ಮಾತೆಂದು ಅವರು ಹೇಳಿಕೊಟ್ಟದ್ದು 'ತಪ್ಪಾಯಿತು' ಎಂಬುದೊಂದೇ. ಸ್ವಸಂತೋಷ, ವಿನಯಪೂರ್ವಕ ಎಂಬುವು ನಾನೇ ಹಾಕಿದ ಮಾತುಗಳು. ಕಾಗದ ಚಂದ ಕಾಣಲೆಂದು ಹಾಕಿದೆ. ಬರೆದು ಮುಗಿಸಿ ಒಮ್ಮೆ ಓದಿಕೊಂಡೆ. ಕಾಗುಣಿತದ ತಪ್ಪಿಲ್ಲವೆಂದು ಸಮಾಧಾನವೂ ಆಯಿತು. ಇದನ್ನು ನಿನ್ನೊಬ್ಬನಿಗೇ ಹೇಳುತ್ತಿದ್ದೇನೆ.

ತೀರ್ಪು ಬಂದ ಮೇಲೆ ಆಕೆಗೂ ಗಂಡ ಎರ್ರಣ್ಣನಿಗೂ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ದಿನವೂ ನದಿ ದಾಟಿ ಆಚೆ ಊರಿಗೆ ಹೋಗುತ್ತಿದ್ದರು. ಹೋದ ತಿಂಗಳು ಎರ್ರಣ್ಣ ಸಾಲೆಯ ಬಾಗಿಲಿಗೆ ಬಂದ. "ಮಾಸ್ತರ, ಹುಲುಗಿ ಮಾತಾಡವಲ್ಲಳ್ರಿ" ಎಂದ. ಮೊದಲು ದೊಡ್ಡವರ ಜೊತೆ ಮಾತು ಬಿಟ್ಟಳಂತೆ, ಆಮೇಲೆ ನೆರೆಯವರ ಜೊತೆ, ಈಗ ಅವನ ಜೊತೆಗೂ ಇಲ್ಲ. "ಯಾರಿಗೆ ಏನ್ ಅನ್ಬೇಕೋ ಗೊತ್ತಾಗವಲ್ದು ಅಂತಾಳ್ರಿ. ನಾಯಿನೂ ಕರೆಯವಲ್ಲಳು. ಕಲಿತೋರು ನೀವು, ಒಂದೀಟು ಬುದ್ಧಿ ಹೇಳ್ರಿ."

ನಾಲ್ಕು ದಿನ ಹೋಗಲಿಲ್ಲ. ಐದನೆಯ ದಿನ ಹೋದೆ. ಆಕೆ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಮಾತಾಡಲಿಲ್ಲ. ನಿಂತುಕೊಂಡೇ ಹೇಳಿಬಿಟ್ಟೆ: "ಹುಲುಗಮ್ಮ, ಆ ಕಾಗದ ಬರೆದವನು ನಾನು."

ಒಡೆದ ಕಟ್ಟಿಗೆಯೊಂದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಗೊತ್ತೈತ್ರಿ, ಅಲ್ಲೇ ಇದ್ನಲ್ಲ. ಅದ್ರಾಗ ಏನೈತಿ, ಓದ್ರಿ" ಎಂದಳು. ಆಕೆಗೆ ಯಾರೂ ಅದನ್ನು ಓದಿ ಹೇಳಿರಲಿಲ್ಲ, ಚಿದಾನಂದ. ಎರಡು ಕೋರ್ಟು ಕಂಡ ಕಾಗದ, ಒತ್ತಿದವಳಿಗೆ ಅದರಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ. ನನ್ನ ಹತ್ತಿರ ಇದ್ದ ಕರಡು ತೆಗೆದು ಓದಿದೆ.

"ಸ್ವಸಂತೋಸ ಅಂದ್ರ?"

"ತನ್ನ ಖುಷಿಯಿಂದ."

"ವಿನಯ ಅಂದ್ರೇನ್ರಿ?"

ನಿನಗೆ ಬರೆದ ಧಾತು ಯಾವುದೂ ಬಾಯಿಗೆ ಬರಲಿಲ್ಲ. "ಯಾರೂ ಒತ್ತದೆ ತಾನಾಗಿ ತಗ್ಗೋದು" ಎಂದೆ.

ಕೊಡಲಿಯನ್ನು ನೆಲಕ್ಕಿಟ್ಟು ಹೇಳಿದಳು: "ಆ ಮಾತು ನಂದಲ್ರಿ ಮಾಸ್ತರ, ನಿಮ್ದು. ಅವತ್ತು ಚಾವಡ್ಯಾಗ ತಾನಾಗಿ ತಗ್ಗಿದೋರು ನೀವೊಬ್ರು."

ಈಗ ನಾನು ಏನು ಮಾಡಬೇಕು? ಕಾನೂನು ಬಲ್ಲವನು ನೀನು. ದಾರಿ ಇದ್ದರೆ ಹೇಳು.

ಉಜ್ಜಿನಿ


ಬಳ್ಳಾರಿ
20 ಜನವರಿ 1951

ಉಜ್ಜಿನಿ,

ನಿನ್ನ ಕಾಗದವನ್ನು ಸುವರ್ಣಳಿಗೂ ತೋರಿಸಿಲ್ಲ.

ನೀನು ಬಾಯಿ ಬಿಟ್ಟ ಮೇಲೆ ನಾನೂ ಬಿಡಬೇಕು. ಆ ತಪ್ಪೊಪ್ಪಿಗೆ ಬರೆದವನು ನೀನೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಒಂದೇ ಹಲಗೆಯ ಮೇಲೆ ತಿದ್ದಿದವನಿಗೆ ನಿನ್ನ 'ಕ್ಷ'ದ ಸುಳಿ ಗೊತ್ತಾಗುವುದಿಲ್ಲವೇ? ನಿನ್ನ ಬಾಯಿಂದಲೇ ಬರಲಿ ಎಂದು ಮಾತಿನ ಬೇರು ಕೇಳುವ ನೆಪ ಹೂಡಿದೆ. ಬರಲಿಲ್ಲ. ಎರಡನೆಯ ಸಲ ಕೇಳಿದೆ, ಆಗಲೂ ಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಗುರವಾಯಿತು. ನೀನು ಸಾಕ್ಷಿ ಕಟ್ಟೆ ಹತ್ತಬೇಕಾಗಲಿಲ್ಲ, ನಾನು ನಿನ್ನ ಹೆಸರು ಹೇಳಬೇಕಾಗಲಿಲ್ಲ. ನಿನ್ನ ವ್ಯಾಕರಣ ನನಗೆ ನಂಬಲು ಬೇಕಾಗಿತ್ತು, ನಂಬಿದೆ.

ದಾರಿ ಕೇಳಿದ್ದೀ. ಮದ್ರಾಸಿನ ಹೈಕೋರ್ಟಿಗೆ ಹೋಗುವ ದಾರಿ ಒಂದಿದೆ, ಅವಧಿ ಮೀರಿದೆ. ನಿನ್ನ ಹೇಳಿಕೆ ಇದ್ದರೆ ಕೇಳಿಯಾರು. ಆದರೆ ಗೆಳೆಯನಾಗಿ ಹೇಳುತ್ತೇನೆ, ಆ ಕರಡನ್ನು ಒಲೆಗೆ ಹಾಕು. ನಿನ್ನ ಕೆಲಸ ಹೋಗುತ್ತದೆ, ಸುಳ್ಳು ದಸ್ತಾವೇಜು ಬರೆದವನೆಂದು ನಿನ್ನ ಮೇಲೆಯೇ ಕೇಸಾದೀತು. ನನ್ನ ತರ್ಜುಮೆಯನ್ನೂ ಕೆದಕುತ್ತಾರೆ. ಆಕೆಗೆ ಏನು ಬಂದೀತು? ಆದದ್ದು ಆಯಿತು. ಗಾದೆಪ್ಪ ಇಲ್ಲಿ ರೈಲ್ವೆಯಲ್ಲಿದ್ದಾನೆ. ಅಕ್ಕ ಭಾವನನ್ನು ಕರೆಸಿಕೊಳ್ಳಲು ಹೇಳುತ್ತೇನೆ. ಅಷ್ಟು ಮಾಡೋಣ.

ಚಿದಾನಂದ


ಕುರುಗೋಡು
2 ಏಪ್ರಿಲ್ 1951

ಮಾನ್ಯ ಚಿದಾನಂದಪ್ಪನವರ ಸನ್ನಿಧಿಗೆ,

ತಮ್ಮ ಜನವರಿಯ ಪತ್ರ ತಲುಪಿತ್ತು. ತಾವು ಹೇಳಿದಂತೆ ಮಾಡಲು ನನ್ನಿಂದ ಆಗಲಿಲ್ಲ.

ಕರಡನ್ನೂ ನನ್ನ ಹೇಳಿಕೆಯನ್ನೂ ಗಾದೆಪ್ಪನ ವಕೀಲರಿಗೆ ಕೊಟ್ಟಿದ್ದೇನೆ. ಸುದ್ದಿ ಊರಿಗೆ ಮುಟ್ಟಿದ ದಿನವೇ ಪಡಸಾಲೆಗೆ ಬೀಗ ಬಿತ್ತು. ಮಕ್ಕಳನ್ನು ಬಿಡಿಸಿಕೊಂಡು ಹೋದರು. ನನ್ನ ಟ್ರಂಕನ್ನು ಬೀದಿಗೆ ತಂದಿಟ್ಟವನು ಕೊಟ್ರಪ್ಪ. "ಹಿಂಗ ಮಾಡಬಾರದಿತ್ರಿ ಮಾಸ್ತರ, ಅಪ್ಪಾಜಿ ನಿಮ್ಮನ್ನ ಮನಿಯವ್ರಂಗ ನೋಡಿದ್ರು" ಎಂದ. ಆಕೆಯ ಹೆಸರು ಎತ್ತಲಿಲ್ಲ. ಕೆಲಸದಿಂದ ತೆಗೆದ ಆರ್ಡರು ಹೋದ ವಾರ ಬಂತು. ಈಗ ಅಕ್ಕ ವೀರಭದ್ರಮ್ಮನ ಮನೆಯಲ್ಲಿದ್ದೇನೆ. ಇಲ್ಲಿಯವರು ನನ್ನೊಡನೆ ಚೆನ್ನಾಗಿಯೇ ಮಾತಾಡುತ್ತಾರೆ, ಕಾರಣ ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಹೇಳಿಕೆ ಕನ್ನಡದಲ್ಲಿದೆ. ಮದ್ರಾಸಿಗೆ ಹೋಗುವ ಮೊದಲು ತರ್ಜುಮೆಗೆ ಅದು ತಮ್ಮ ಮೇಜಿಗೇ ಬರುತ್ತದೆ. ತಮ್ಮಲ್ಲಿ ಬೇಡುವುದು ಇಷ್ಟೇ. ನನ್ನ ಮೇಲೆ ಕರುಣೆ ತೋರಿಸಬೇಡಿರಿ. 'ನಾನು ಬರೆದೆ' ಎಂದಿರುವಲ್ಲಿ 'ಬರೆಯಲಾಯಿತು' ಎಂದು ಮಾಡಬೇಡಿರಿ. 'ಜೋಗಪ್ಪ ಒತ್ತಿದ, ನಾನು ನೋಡುತ್ತ ಕೂತಿದ್ದೆ' ಎಂದಿದೆ. ಆ ಎರಡನೆಯ ವಾಕ್ಯವನ್ನು ಬಿಡಬೇಡಿರಿ.

ಇಂತು,
ಉಜ್ಜಿನಪ್ಪ


ಬಳ್ಳಾರಿ
18 ಡಿಸೆಂಬರ್ 1951

ಉಜ್ಜಿನಿ,

ನೀನು 'ತಾವು' ಎಂದು ಬರೆದ ಕಾಗದಕ್ಕೆ ಉತ್ತರ ಕೊಡಲು ಎಂಟು ತಿಂಗಳು ಹಿಡಿಯಿತು. ಅದೇ ಮರ್ಯಾದೆಯನ್ನು ನಿನಗೆ ತಿರುಗಿಸಿ ಬರೆಯಬೇಕೆಂದು ಎರಡು ಸಲ ಕೂತೆ, ಕೈ ಬರಲಿಲ್ಲ.

ನಿನ್ನ ಹೇಳಿಕೆಯನ್ನು ತರ್ಜುಮೆ ಮಾಡಿದೆ. ನೀನು ಬರೆದ ಹಾಗೆಯೇ ಮಾಡಿದೆ. ಅದರ ಜೊತೆಗೆ ಹುಲುಗಮ್ಮನ ಹೇಳಿಕೆಯನ್ನೂ ಹೊಸದಾಗಿ ಮಾಡಿ, ಮೊದಲಿನದು ತಪ್ಪು, ತಪ್ಪು ನನ್ನದು ಎಂದು ಕೆಳಗೆ ಬರೆದು ಸಹಿ ಹಾಕಿದೆ. ಇದನ್ನು ದೊಡ್ಡದು ಮಾಡಿ ಹೇಳುತ್ತಿಲ್ಲ. ಸಹಿ ಹಾಕುವ ಮುಂಚೆ ನಾಲ್ಕು ದಿನ ಆ ಕಾಗದ ನನ್ನ ಡ್ರಾಯರಿನಲ್ಲಿತ್ತು. ಸುವರ್ಣ ಒಂದು ಸಂಜೆ, "ನಾಲ್ಕು ದಿನದಿಂದ ಊಟ ಬಿಟ್ಟೀರಿ, ಅದೇನೈತಿ ಮುಗಿಸಿಬಿಡ್ರಿ" ಎಂದಳು. ಮುಗಿಸಿದೆ. ಈಗ ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ತರ್ಜುಮೆ ನನ್ನ ಕೈಗೆ ಕೊಡುವುದಿಲ್ಲ.

ಮದ್ರಾಸಿನ ತೀರ್ಪು ಹೋದ ಶುಕ್ರವಾರ ಬಂತು. ಅರ್ಜಿ ವಜಾ. ಘಟನೆ ನಡೆದಿರಬಹುದು, ಹೆಂಗಸಿಗೆ ಅವಮಾನವೂ ಆಗಿರಬಹುದು ಎಂದು ಬರೆದಿದ್ದಾರೆ. ಆದರೆ ಅವಧಿ ಮೀರಿ ಬಂದ ಅರ್ಜಿ. ಮೊದಲು ಬಾಯಿ ಮುಚ್ಚಿಕೊಂಡಿದ್ದ ಸಾಕ್ಷಿ, ಮೊದಲು ತಪ್ಪು ಬರೆದ ತರ್ಜುಮೆದಾರ. ಇವರ ಮಾತಿನ ಮೇಲೆ ಮುಗಿದ ಮೊಕದ್ದಮೆಯನ್ನು ತೆರೆಯಲಾಗದಂತೆ. ನಮ್ಮಿಬ್ಬರ ಬಗ್ಗೆ ಅವರು ಬರೆದದ್ದರಲ್ಲಿ ಸುಳ್ಳೇನೂ ಇಲ್ಲ.

ಭಾನುವಾರ ಗಾದೆಪ್ಪನ ಮನೆಗೆ ಹೋದೆ. ರೈಲ್ವೆ ಗೇಟಿನ ಹತ್ತಿರ ಒಂದು ಕೋಣೆ. ಎರ್ರಣ್ಣ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಾನೆ. ಹುಲುಗಮ್ಮ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಈಗ ಒಂದೆರಡು ಮಾತು ಆಡುತ್ತಾಳೆ ಎಂದು ಗಾದೆಪ್ಪ ಹೇಳಿದ, ಅದೂ ಹೆಸರು ಹಿಡಿಯದೆ, ಯಾರ ಕಡೆಯೂ ನೋಡದೆ. ನಾನು ತೀರ್ಪನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಈ ಸಲ ನಾ ಹೇಳಿದಂಗಾ ಬರದ್ರೇನ್ರಿ?"

"ಹೌದವ್ವ. ಒಂದು ಅಕ್ಷರ ಬಿಟ್ಟಿಲ್ಲ."

"ಮಾಸ್ತರೂ ನೋಡಿದ್ದು ನೋಡಿದಂಗಾ ಹೇಳಿದ್ರಾ?"

"ಹೇಳಿದ."

"ಅಲ್ಲಿದ್ದೋರಿಗೆ ತಿಳೀತಾ?"

"ತಿಳೀತವ್ವ. ಆದದ್ದು ಅವಮಾನ ಅಂತ ಅವರೇ ಬರೆದಾರ."

ಮೊರದಲ್ಲಿದ್ದ ಜೋಳದಿಂದ ಒಂದು ಹರಳು ಹೆಕ್ಕಿ ಹೊರಗೆ ಎಸೆದಳು. "ಆಗ ತಿಳೀಲಾರದ ಬಿಟ್ಟಾರ ಅಂತಿದ್ದೆ. ಈಗ ತಿಳಕೊಂಡೂ ಅವ್ರನ್ನ ಬಿಟ್ರು" ಎಂದಳು.

ಮತ್ತೆ ಜೋಳಕ್ಕೆ ಕೈ ಹಾಕಿದಳು. ಗಾದೆಪ್ಪ ನನಗೆ ಕೂರಲು ಚಾಪೆ ತಂದ. ನನಗೆ ಕೂರಲೂ ಆಗಲಿಲ್ಲ, ಹೋಗಿಬರುತ್ತೇನೆ ಎನ್ನಲೂ ಆಗಲಿಲ್ಲ. ಆಕೆ ಒಂದು ಮೊರ ಜೋಳ ಹಸನು ಮಾಡಿ ಮುಗಿಸುವವರೆಗೆ ಹಾಗೆಯೇ ನಿಂತಿದ್ದೆ.

ಚಿದಾನಂದ